ಬೆಲ್ಟಿಗೆ ಎರಡು ಸ್ಟಾರ್, ಫಿಸಿಯೋಗೆ ನಾಲ್ಕು: ನನ್ನ 14 ವಾರದ ಸಯಾಟಿಕಾ

14 ವಾರ ಸಯಾಟಿಕಾ, ಅಂದರೆ ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವಿನ ಜೊತೆ ಏಗಿ ಈಗ ಎದ್ದು ಓಡಾಡುತ್ತಿದ್ದೇನೆ. ಆ 14 ವಾರದಲ್ಲಿ ಕೊಂಡಿದ್ದು, ಕಟ್ಟಿಕೊಂಡಿದ್ದು, ನುಂಗಿದ್ದು, ಬೇರೆಯವರ ಕೈಲಿ ಮಾಡಿಸಿಕೊಂಡಿದ್ದು ಎಲ್ಲಕ್ಕೂ ಸೇರಿಸಿ ಇದೊಂದೇ ರಿವ್ಯೂ. ಬೆಲ್ಟಿಗೊಂದು, ಕ್ಲಿನಿಕ್ಕಿಗೊಂದು ಅಂತ ಬಿಡಿಬಿಡಿಯಾಗಿ ಬರೆಯಲು ಕೂತಿದ್ದೆ. ಆಮೇಲೆ ಬರೆದದ್ದನ್ನೆಲ್ಲ ಅಳಿಸಿದೆ. ಯಾಕೆ ಅಂತ ಹೇಳುತ್ತೇನೆ, ಮೊದಲು ನೋವಿನ ಕಥೆ ಮುಗಿಸಿಬಿಡೋಣ.

ಶುರುವಾಗಿದ್ದು ಒಂದು ಸೀನಿನಿಂದ. ಬೇಸಿನ್ ಮೇಲೆ ಬಗ್ಗಿ ಹಲ್ಲುಜ್ಜುತ್ತಿದ್ದೆ, ಸೀನು ಬಂತು, ಸೊಂಟದಲ್ಲಿ ಏನೋ ಛಳಕ್ ಅಂತು. ಎರಡು ದಿನ ಬರೀ ಸೊಂಟ ನೋವು. ಮೂರನೇ ದಿನ ಸೊಂಟ ಪರವಾಗಿಲ್ಲ ಅನಿಸಿತು, ಆದರೆ ಎಡಗಡೆ ಕುಂಡಿಯಿಂದ ತೊಡೆಯ ಹಿಂಭಾಗ, ಮೀನಖಂಡ, ಅಲ್ಲಿಂದ ಕಿರುಬೆರಳಿನ ತನಕ ಕಾದ ತಂತಿ ಎಳೆದ ಹಾಗೆ. ಸೊಂಟ ಕೆಟ್ಟರೆ ಕಾಲು ಯಾಕೆ ಉರಿಯಬೇಕು ಅಂತ ಆಗ ಗೊತ್ತಿರಲಿಲ್ಲ. ಎಲ್4, ಎಲ್5, ಎಸ್1, ಎಸ್2, ಎಸ್3 ಅಂತ ಬೆನ್ನುಮೂಳೆಯ ಕೆಳಭಾಗದಿಂದ ಹೊರಡುವ ಐದು ನರದ ಬೇರುಗಳು ಸೇರಿ ಸಯಾಟಿಕ್ ಅನ್ನುವ ಒಂದು ನರ ಆಗುತ್ತದೆ, ಮೈಯಲ್ಲೇ ಅತಿ ದಪ್ಪನೆಯದು, ಹೆಚ್ಚುಕಮ್ಮಿ ಬೆರಳಿನಷ್ಟು. ಮೇಲೆ ಬೇರಿನ ಹತ್ತಿರ ಡಿಸ್ಕ್, ಅಂದರೆ ಬೆನ್ನಿನ ಮೂಳೆಗಳ ನಡುವಿನ ಮೆತ್ತೆ, ಒತ್ತಿದರೂ ನೋವು ಕಾಣಿಸಿಕೊಳ್ಳುವುದು ನರ ಹೋಗುವ ದಾರಿಯಲ್ಲಿ. ನನಗೆ ಒತ್ತಿದ್ದು ಎಸ್1, ಅದಕ್ಕೇ ಕಿರುಬೆರಳು. ಎಲ್5 ಆಗಿದ್ದರೆ ಸಾಮಾನ್ಯವಾಗಿ ಹೆಬ್ಬೆರಳ ಕಡೆಗೆ ಹೋಗುತ್ತದೆ. ಕೂತರೆ ಜಾಸ್ತಿ, ನಡೆದರೆ ಸ್ವಲ್ಪ ಕಮ್ಮಿ, ಕೆಮ್ಮಿದರೆ ದೇವರೇ ಗತಿ.

ಮೊದಲ ವಾರ ಮಾಡಿದ್ದು ಎಲ್ಲರೂ ಮಾಡುವ ಕೆಲಸ, ಮಲಗಿದೆ. ಎದ್ದಾಗಲೆಲ್ಲ ಇನ್ನಷ್ಟು ಸೆಟೆದುಕೊಂಡಿರುತ್ತಿತ್ತು. ನೆದರ್ಲೆಂಡ್ಸಿನಲ್ಲಿ ಇದನ್ನೇ ಪರೀಕ್ಷೆ ಮಾಡಿ 1999ರಲ್ಲಿ ವರದಿ ಮಾಡಿದ್ದಾರೆ. ಸಯಾಟಿಕಾ ಇದ್ದ 183 ಜನರಲ್ಲಿ ಅರ್ಧದಷ್ಟು ಜನಕ್ಕೆ ಎರಡು ವಾರ ಹಾಸಿಗೆ, ಉಳಿದವರಿಗೆ ಆದಷ್ಟು ಓಡಾಡಿಕೊಂಡಿರಿ ಅಂತ ಹೇಳಿದ್ದು. 12 ವಾರ ಆಗುವಷ್ಟರಲ್ಲಿ ಎರಡೂ ಗುಂಪಿನಲ್ಲಿ ಶೇಕಡಾ 87 ಜನ ಸುಧಾರಿಸಿದ್ದರು. ಈ 12 ವಾರ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಎರಡನೇ ವಾರ ಬೆಲ್ಟು. ಹಿಂದೆ ನಾಲ್ಕು ಪಟ್ಟಿ, ಎರಡೂ ಕಡೆ ವೆಲ್ಕ್ರೋ, ಬಿಗಿದು ಕಟ್ಟಿದರೆ ಉಸಿರು ಅರ್ಧ. ಕಟ್ಟಿಕೊಂಡ ತಕ್ಷಣ ಧೈರ್ಯ ಬರುತ್ತದೆ, ಅದು ನಿಜ. ಸೊಂಟವನ್ನು ಯಾರೋ ಹಿಡಿದುಕೊಂಡಿದ್ದಾರೆ ಅನ್ನುವ ಹಾಗೆ. ಆದರೆ ಕಾಲಿನ ನೋವಿಗೆ ಏನೂ ಆಗಲಿಲ್ಲ, ಕೂತಾಗ ಮೇಲೆ ಸರಿದು ಪಕ್ಕೆಲುಬಿಗೆ ಚುಚ್ಚುತ್ತದೆ, ಬೆವರಿಗೆ ತುರಿಕೆ ಬೇರೆ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಮಾಡುವ ನೈಸ್ ಸಂಸ್ಥೆ 2016ರಲ್ಲೇ ಸೊಂಟ ನೋವಿಗೂ ಸಯಾಟಿಕಾಗೂ ಬೆಲ್ಟ್ ಕೊಡಬೇಡಿ ಅಂತ ಹೇಳಿದೆ. ನನಗೆ ಗೊತ್ತಾಗಿದ್ದು ಕೊಂಡ ಮೇಲೆ. ಹೊಲಿಗೆ ಚೆನ್ನಾಗಿದೆ, ಒಗೆದರೂ ಹಾಳಾಗಿಲ್ಲ, ಅದಕ್ಕೆ ಎರಡು ಸ್ಟಾರ್.

ಮೂರನೇ ವಾರದಿಂದ ಆರನೇ ವಾರದ ತನಕ ಒಂದು ಫಿಸಿಯೋ ಕ್ಲಿನಿಕ್ಕು. ಹೆಸರು ಹೇಳುವುದಿಲ್ಲ. ಅಲ್ಲಿ ನನ್ನ ಕಾಲನ್ನು ಯಾರೂ ಮುಟ್ಟಿ ನೋಡಲಿಲ್ಲ. ಸೊಂಟ ಅಂದೆ, ಮಲಗಿ ಅಂದರು. ಹತ್ತು ಸಿಟಿಂಗ್ ಒಟ್ಟಿಗೇ ತೆಗೆದುಕೊಳ್ಳಬೇಕು ಅಂದರು. ಮೊದಲು ಟ್ರಾಕ್ಷನ್, ಅಂದರೆ ಸೊಂಟಕ್ಕೆ ಪಟ್ಟಿ ಕಟ್ಟಿ ಮಷೀನಿನಿಂದ ಎಳೆಯುವುದು, ಆಮೇಲೆ ಅಲ್ಟ್ರಾಸೌಂಡು, ಆಮೇಲೆ ಪ್ಯಾಡ್ ಅಂಟಿಸಿ ಕರೆಂಟು. ಮಷೀನ್ ಹಚ್ಚಿ ಹೋದವರು ಬೀಪ್ ಆದಾಗಲೇ ಬರುವುದು. ಒಂದು ದಿನ ಬೀಪ್ ಆಗಿ ಎಷ್ಟೋ ಹೊತ್ತು ಯಾರೂ ಬರದೆ, ನಾನೇ ಪ್ಯಾಡ್ ಕಿತ್ತುಕೊಂಡು ಎದ್ದು ಬಂದೆ! ಜುಮು ಜುಮು ಅನ್ನುವಾಗ ಹಿತವಾಗಿರುತ್ತದೆ, ಬಾಗಿಲು ದಾಟಿ ಕಾರಿನಲ್ಲಿ ಕೂರುವಷ್ಟರಲ್ಲಿ ಎಲ್ಲ ಮೊದಲಿನ ಹಾಗೆ. ಬೆಲ್ಟ್ ಬೇಡ ಅಂದ ಆ ಮಾರ್ಗಸೂಚಿಯ ಬೇಡದ ಪಟ್ಟಿಯಲ್ಲಿ ಈ ಮೂರೂ ಇವೆ. ಒಂದು ಸ್ಟಾರ್, ಅದೂ ಫ್ಯಾನ್ ಚೆನ್ನಾಗಿತ್ತು ಅಂತ.

ಮಧ್ಯದಲ್ಲಿ ಎಂಆರ್‌ಐ ಆಯಿತು. ವರದಿ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಎರಡು ಕಡೆ ಬಲ್ಜ್ (ಡಿಸ್ಕ್ ಉಬ್ಬಿರುವುದು), ಒಂದು ಕಡೆ ಪ್ರೊಟ್ರೂಷನ್ (ಡಿಸ್ಕ್ ಹೊರಗೆ ಚಾಚಿರುವುದು), ಡಿಸ್ಕ್ ಒಣಗಿದೆ, ಸವೆದಿದೆ, ಓದುತ್ತಾ ಹೋದರೆ ಹಳೇ ಮನೆ ಕೆಡವುವ ಮುಂಚೆ ಬರೆದ ಪಟ್ಟಿ ಇದ್ದ ಹಾಗಿತ್ತು. ಸುಮ್ನೆ ಹೆದರಿದೆ ಅಂತ ಆಮೇಲೆ ಗೊತ್ತಾಯಿತು. 1994ರಲ್ಲಿ ಅಮೆರಿಕದಲ್ಲಿ ಬೆನ್ನು ನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿದಾಗ ಶೇಕಡಾ 52 ಜನರಿಗೆ ಒಂದಾದರೂ ಡಿಸ್ಕ್ ಉಬ್ಬಿತ್ತು, ಶೇಕಡಾ 27 ಜನರಿಗೆ ಪ್ರೊಟ್ರೂಷನ್ ಇತ್ತು. ನೋವಿಲ್ಲದೆ ಆರಾಮಾಗಿ ತಿರುಗಾಡುತ್ತಿದ್ದವರು ಇವರೆಲ್ಲ! ಸರ್ಜರಿ ಬೇಕಾ, ಇಂಜೆಕ್ಷನ್ ಎಲ್ಲಿಗೆ ಅಂತ ನೋಡುವಾಗ ಸ್ಕ್ಯಾನ್ ಬೇಕೇ ಬೇಕು, ಸರಿ. ಆದರೆ ವರದಿಯನ್ನು ಒಬ್ಬರೇ ಕೂತು ರಾತ್ರಿ ಓದಬೇಡಿ.

ಮಾತ್ರೆ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಾನು ಡಾಕ್ಟರ್ ಅಲ್ಲ. ನನಗೆ ನರದ ನೋವಿಗೆ ಅಂತ ಪ್ರಿಗ್ಯಾಬಲಿನ್ ಕೊಟ್ಟಿದ್ದರು. ತಲೆ ತೂಗಾಡುತ್ತಿತ್ತು, ಮಾತಾಡುವಾಗ ಪದ ಸಿಗುತ್ತಿರಲಿಲ್ಲ, ಕಾಲು ನೋವು ಇದ್ದ ಹಾಗೇ ಇತ್ತು. ಆಸ್ಟ್ರೇಲಿಯಾದಲ್ಲಿ ಇದೇ ಮಾತ್ರೆಯನ್ನು 209 ಸಯಾಟಿಕಾ ರೋಗಿಗಳ ಮೇಲೆ ನೋಡಿ 2017ರಲ್ಲಿ ಬರೆದಿದ್ದಾರೆ, ಔಷಧಿ ಇಲ್ಲದ ಮಾತ್ರೆ ಕೊಟ್ಟವರಿಗಿಂತ ಕಾಲು ನೋವು ಹೆಚ್ಚೇನೂ ಇಳಿದಿರಲಿಲ್ಲ, ತಲೆಸುತ್ತು ಮಾತ್ರ ಜಾಸ್ತಿ. ಹಾಗಂತ ನೀವೇ ಬಿಟ್ಟುಬಿಡಬೇಡಿ. ಈ ಮಾತ್ರೆಯನ್ನು ಥಟ್ಟನೆ ನಿಲ್ಲಿಸಬಾರದು, ಡಾಕ್ಟರಿಗೆ ಹೇಳಿ ನಿಧಾನಕ್ಕೆ ಇಳಿಸಬೇಕು, ನಾನು ಹಾಗೇ ಮಾಡಿದೆ.

ಏಳನೇ ವಾರ ಇನ್ನೊಬ್ಬ ಫಿಸಿಯೋ ಹತ್ತಿರ ಹೋದೆ. ಒಂದು ಕೋಣೆ, ಒಂದು ಮಂಚ, ಮಷೀನೇ ಇಲ್ಲ. ಇವರಿಗೇನು ಬರುತ್ತೆ ಅಂದುಕೊಂಡೆ. ಮೊದಲ ದಿನ ಅರ್ಧ ಗಂಟೆ ಬರೀ ಪ್ರಶ್ನೆ. ಬೆಳಿಗ್ಗೆ ಹೇಗೆ, ಸಂಜೆ ಹೇಗೆ, ಎಷ್ಟು ಹೊತ್ತು ಕೂರುತ್ತೀರಿ, ಮೂತ್ರ ಸರಿಯಾಗಿ ಹೋಗುತ್ತಾ, ತೊಡೆ ಸಂದಿಯಲ್ಲಿ ಮುಟ್ಟಿದರೆ ಗೊತ್ತಾಗುತ್ತಾ. ಕೊನೆಯ ಎರಡು ಪ್ರಶ್ನೆ ಅಲ್ಲಿಯ ತನಕ ನನ್ನನ್ನು ಯಾರೂ ಕೇಳಿರಲಿಲ್ಲ. ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು ಅದನ್ನೇ ಅಂತೆ. ಮೂತ್ರ ಕಟ್ಟಿದರೆ ಅಥವಾ ಹತೋಟಿ ತಪ್ಪಿದರೆ, ತೊಡೆ ಸಂದಿ, ಗುದದ ಸುತ್ತ ಮರಗಟ್ಟಿದರೆ, ನೋವು ಎರಡೂ ಕಾಲಿಗೆ ಇಳಿದರೆ, ಅದು ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲೇ ಒತ್ತಿಹೋಗುವ ಕಾಡಾ ಈಕ್ವೈನಾ ಇರಬಹುದು, ಆವತ್ತೇ ಆಸ್ಪತ್ರೆಗೆ ಓಡಬೇಕು. ಪಾದ ಎತ್ತಲಾಗದೆ ಎಳೆಯುತ್ತಿದ್ದರೂ ತಡ ಮಾಡಬಾರದು. ಇಲ್ಲಿ ಬೆಲ್ಟು, ಫಿಸಿಯೋ, ನನ್ನ ರಿವ್ಯೂ, ಯಾವುದೂ ಕೆಲಸಕ್ಕೆ ಬರುವುದಿಲ್ಲ.

ಆಮೇಲೆ ಪರೀಕ್ಷೆ. ಹಿಮ್ಮಡಿ ಮೇಲೆ ನಡೆಸಿದರು, ತುದಿಗಾಲಿನಲ್ಲಿ ನಡೆಸಿದರು. ಎಡಗಾಲು ತುದಿಗಾಲಿನಲ್ಲಿ ನಿಲ್ಲಲಿಲ್ಲ, ನನಗೇ ಗೊತ್ತಿರಲಿಲ್ಲ ಅದು! ಬೆನ್ನ ಮೇಲೆ ಮಲಗಿಸಿ ಕಾಲನ್ನು ನೇರವಾಗಿ ಎತ್ತಿದರು, 40 ಡಿಗ್ರಿ ಬರುವಷ್ಟರಲ್ಲಿ ಚೀರಿದೆ. ಬೋರಲು ಮಲಗಿ, ಸೊಂಟ ಮಂಚಕ್ಕೇ ಬಿಟ್ಟು, ಕೈಯೂರಿ ಎದೆ ಮೇಲೆತ್ತಿ, ಹತ್ತು ಸಲ ಮಾಡಿ ಅಂದರು. ಪ್ರತಿ ಸಲವೂ ಒಂದೇ ಪ್ರಶ್ನೆ, ನೋವು ಈಗ ಎಲ್ಲಿದೆ? ಮೊದಲು ಕಿರುಬೆರಳು. ನಾಲ್ಕನೇ ಸಲ ಮೀನಖಂಡ. ಎಂಟನೇ ಸಲ ತೊಡೆ, ಆದರೆ ಸೊಂಟ ಮೊದಲಿಗಿಂತ ಜಾಸ್ತಿ ನೋಯುತ್ತಿತ್ತು. ಹೆದರಿಕೊಂಡು ಹೇಳಿದರೆ ಅವರು ನಕ್ಕರು, ಒಳ್ಳೇದಾಯ್ತು ಅಂದರು. ಕಾಲಿನ ನೋವು ಹಿಂದೆ ಸರಿದು ಸೊಂಟದ ಕಡೆ ಬರುವುದು ಒಳ್ಳೆಯ ಲಕ್ಷಣ. ರಾಬಿನ್ ಮೆಕೆಂಜಿ ಅನ್ನುವ ನ್ಯೂಜಿಲೆಂಡಿನ ಫಿಸಿಯೋ 1950ರ ದಶಕದಲ್ಲಿ ಇದನ್ನು ಗಮನಿಸಿ ಒಂದು ವಿಧಾನವನ್ನೇ ಮಾಡಿದ್ದಾರೆ. ಎಲ್ಲರಿಗೂ ಹಿಂದಕ್ಕೆ ಬಗ್ಗುವುದು ಆಗಿಬರುವುದಿಲ್ಲ. ನರದ ಕಾಲುವೆಯೇ ಕಿರಿದಾಗಿರುವ ವಯಸ್ಸಾದವರಿಗೆ ಇದರಿಂದ ಹೆಚ್ಚಾಗಲೂಬಹುದು. ಹಾಗಾಗಿ ಇಲ್ಲಿ ಓದಿ ಮನೆಯಲ್ಲಿ ಶುರು ಮಾಡಬೇಡಿ.

ಮನೆಗೆ ಕೊಟ್ಟಿದ್ದು ಅದೇ ವ್ಯಾಯಾಮ, ದಿನಕ್ಕೆ ಐದಾರು ಸಲ, ಜೊತೆಗೆ ಅರ್ಧ ಗಂಟೆಗೊಮ್ಮೆ ಕುರ್ಚಿ ಬಿಟ್ಟೇಳುವುದು, ನಡಿಗೆ. ಹತ್ತು ಸಿಟಿಂಗ್ ತಗೊಳ್ಳಿ ಅನ್ನಲಿಲ್ಲ, ವಾರಕ್ಕೊಮ್ಮೆ ಬಂದು ತೋರಿಸಿ ಸಾಕು ಅಂದರು. ಬೆಲ್ಟ್ ಬಗ್ಗೆ ಕೇಳಿದೆ. ಬೇಕಾದರೆ ಕಟ್ಟಿಕೊಳ್ಳಿ, ಅದರ ಮೇಲೆ ಭಾರ ಹಾಕಬೇಡಿ ಅಂದರು. ಹಾಸಿಗೆ ಬಗ್ಗೆಯೂ ಕೇಳಿದೆ, ಅಷ್ಟರಲ್ಲಿ ಯಾರದೋ ಮಾತು ಕೇಳಿ ನೆಲದ ಮೇಲೆ ಮಲಗುತ್ತಿದ್ದೆ. 2003ರಲ್ಲಿ ಸ್ಪೇನಿನಲ್ಲಿ ಬಹಳ ಕಾಲದ ಸೊಂಟ ನೋವಿನ 313 ಜನರ ಮೇಲೆ ನೋಡಿದಾಗ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯದೇ ಮೇಲು ಅಂತ ಬಂದಿತ್ತಂತೆ. ಆವತ್ತೇ ಮಂಚಕ್ಕೆ ವಾಪಸ್.

ಹತ್ತನೇ ವಾರ ಕಿರುಬೆರಳ ಜುಮ್ಮು ಬಿಟ್ಟರೆ ಕಾಲಲ್ಲಿ ನೋವಿಲ್ಲ. ಹನ್ನೆರಡನೇ ವಾರ ಕಾರಿನಲ್ಲಿ ಒಂದು ಗಂಟೆ ಕೂತೆ. ಹದಿನಾಲ್ಕನೇ ವಾರ ಎಡಗಾಲಿನ ತುದಿಯಲ್ಲಿ ನಿಂತೆ.

ಐದು ಸ್ಟಾರ್ ಕೊಡಬೇಕಲ್ವಾ? ಕೊಡಲು ಕೂತಾಗಲೇ ಕೈ ನಿಂತಿದ್ದು. ಆ 12 ವಾರದ ಲೆಕ್ಕ ನೆನಪಿದೆಯಾ? ಹೊರಗೆ ಬಂದ ಡಿಸ್ಕ್ ಎಷ್ಟೋ ಸಲ ತಾನಾಗಿಯೇ ಕುಗ್ಗುತ್ತದೆ. ಸರ್ಜರಿಯ ಕಥೆಯೂ ಸ್ವಲ್ಪ ಹಾಗೇ. ನೆದರ್ಲೆಂಡ್ಸಿನಲ್ಲೇ 2007ರಲ್ಲಿ ಬಂದ ವರದಿಯಲ್ಲಿ 283 ಜನ, ಬೇಗ ಆಪರೇಷನ್ ಆದವರಿಗೆ ಕಾಲು ನೋವು ಬೇಗ ಇಳಿಯಿತು, ಆದರೆ ಒಂದು ವರ್ಷದ ಹೊತ್ತಿಗೆ ಅವರಲ್ಲೂ, ಕಾದು ನೋಡಿ ಅಂತ ಹೇಳಿಸಿಕೊಂಡವರಲ್ಲೂ ಶೇಕಡಾ 95 ಜನ ಚೇತರಿಸಿಕೊಂಡಿದ್ದರು. ಕಾದವರಲ್ಲೂ ಶೇಕಡಾ 39 ಜನ ತಡೆಯಲಾಗದೆ ಕೊನೆಗೆ ಆಪರೇಷನ್ ಮಾಡಿಸಿಕೊಂಡರು, ಅವರದು ತಪ್ಪು ಅಂತ ಹೇಳುವ ಧೈರ್ಯ ನನಗಿಲ್ಲ, ಆ ನೋವು ಗೊತ್ತು. ಹಾಗಾಗಿ ನಾನು ಏಳನೇ ವಾರದಲ್ಲಿ ಈ ಫಿಸಿಯೋ ಬದಲು ತಾಯಿತ ಕಟ್ಟಿಸಿಕೊಂಡಿದ್ದರೆ ಇವತ್ತು ತಾಯಿತಕ್ಕೆ ರಿವ್ಯೂ ಬರೆಯುತ್ತಿದ್ದೆನೇನೋ. ಬೆಲ್ಟನ್ನು ಎರಡನೇ ವಾರದಲ್ಲಿ ಕೊಂಡೆ, ಪಾಪ ಅದಕ್ಕೆ ಟೈಮ್ ಸರಿ ಇರಲಿಲ್ಲ.

ಆದರೂ ಫಿಸಿಯೋಗೆ ನಾಲ್ಕು ಸ್ಟಾರ್ ಕೊಡುತ್ತೇನೆ. ಮೂತ್ರ ಹೇಗೆ ಹೋಗುತ್ತೆ ಅಂತ ಕೇಳಿದ್ದಕ್ಕೆ ಒಂದು, ತುದಿಗಾಲಿನಲ್ಲಿ ನಿಲ್ಲಿಸಿದ್ದಕ್ಕೆ ಒಂದು, ಹತ್ತು ಸಿಟಿಂಗ್ ಮಾರದೇ ಇದ್ದಿದ್ದಕ್ಕೆ ಒಂದು. ನಾಲ್ಕನೆಯದು, ಕಾಯುವ ಆ ಐದಾರು ವಾರ ನನ್ನನ್ನು ಹೆದರಿ ಮಲಗಲು ಬಿಡದೇ ಇದ್ದಿದ್ದಕ್ಕೆ.

ಬೆಲ್ಟು ಈಗ ನನ್ನ ಹತ್ತಿರ ಇಲ್ಲ. ಗೆಳೆಯನಿಗೂ ಇದೇ ಕಾಟ, ಅವನ ನೋವಿನ ಎಂಟನೇ ವಾರದಲ್ಲಿ ಬಂದು ಕೇಳಿದ, ಕೊಟ್ಟೆ. ಮೊನ್ನೆ ಫೋನ್ ಮಾಡಿದ್ದ. "ಏನ್ ಬೆಲ್ಟ್ ಕಣೋ ಅದು, ಮೂರೇ ವಾರಕ್ಕೆ ಕಾಲು ನೋವು ಮಾಯ, ಐದು ಸ್ಟಾರ್ ಕೊಟ್ಟು ರಿವ್ಯೂ ಹಾಕಿದೀನಿ ನೋಡು" ಅಂದ. ಹೌದಾ, ಒಳ್ಳೇದಾಯ್ತು ಬಿಡು ಅಂದೆ.