ಹಿತ್ತಲಲ್ಲಿ 40 ಅಡಿ ಟವರ್: ಹತ್ತುವವರಿಗಿಂತ ಇಳಿಯುವವರು ಬೇಕು ಅಂದಾಗ ಸಿಕ್ಕ ಅಪ್ಪ-ಮಗ

ನನ್ನ ರೇಡಿಯೊ ಆಂಟೆನಾಕ್ಕೆ ಟವರ್ ನಿಲ್ಲಿಸಿಕೊಟ್ಟ ಅಪ್ಪ-ಮಗನ ಕೆಲಸಕ್ಕೆ ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಹೋಯಿತು ಅಂತ ಆಮೇಲೆ ಹೇಳುತ್ತೇನೆ.

ನಾನು ತಿಪಟೂರು ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು. ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಕ್ಕೆ ರೇಡಿಯೊದಲ್ಲಿ ದೂರದವರ ಜೊತೆ ಮಾತಾಡುವುದು, ಅದರ ಪರೀಕ್ಷೆ ಪಾಸು ಮಾಡಿ 13 ವರ್ಷ ಆಯಿತು. ಮೊದಲೆಲ್ಲ ಎರಡು ತೆಂಗಿನ ಮರದ ನಡುವೆ ಏಣಿ ಮುಟ್ಟುವಷ್ಟು ಎತ್ತರಕ್ಕೆ, ಅಂದರೆ 20 ಅಡಿಗೆ, ತಂತಿ ಕಟ್ಟಿಕೊಂಡು ಮಾತಾಡುತ್ತಿದ್ದೆ. ವರ್ಷಕ್ಕೆ ಎರಡು ಸಲವಾದರೂ ಒಣಗರಿ ಬಿದ್ದು ತಂತಿ ಹರಿಯುತ್ತಿತ್ತು. ಅದೂ ಅಲ್ಲದೆ 20 ಮೀಟರ್ ಉದ್ದದ ತರಂಗದ ಬ್ಯಾಂಡಿನ ಆಂಟೆನಾ ಅಷ್ಟು ಕೆಳಗಿದ್ದರೆ ಶಕ್ತಿಯ ಬಹುಪಾಲು ನೆತ್ತಿಯ ಕಡೆಗೇ ಹೋಗುತ್ತದೆ. ಅರ್ಧ ತರಂಗದಷ್ಟು, ಅಂದರೆ 10 ಮೀಟರ್ ಮೇಲೆ ಹೋದರೆ ತಾನೇ ಸಿಗ್ನಲ್ ದಿಗಂತದ ಕಡೆ ಹೊರಳುವುದು. 40 ಅಡಿಯ ಲೆಕ್ಕ ಬಂದಿದ್ದು ಹಾಗೆ.

ಟವರಿಗಿಂತ ಮುಂಚೆ ಒಂದು ಎಡವಟ್ಟು ಆಗಿತ್ತು. ಕೇಬಲ್ ಟಿವಿ ಕೆಲಸ ಮಾಡುವ ಇಬ್ಬರು ಹುಡುಗರಿಂದ ಗೋಡೆಯ ಪಕ್ಕ 30 ಅಡಿಯ ಜಿಐ ಪೈಪ್ ನಿಲ್ಲಿಸಿದ್ದೆ. ಒಂದೇ ಗಂಟೆಯಲ್ಲಿ ಕೆಲಸ ಮುಗಿಸಿದರು. ನನಗೋ ಭಾರಿ ಖುಷಿ. ಮೂರು ಕಡೆಯಿಂದ ನೈಲಾನ್ ಹಗ್ಗ ಎಳೆದು ಕಟ್ಟಿದ್ದರು. ಎರಡು ಬೇಸಿಗೆ ಬಿಸಿಲು ತಿಂದ ಹಗ್ಗ ಕೈಯಲ್ಲಿ ಹಿಡಿದರೆ ಪುಡಿಪುಡಿ. ಆಷಾಢದ ಗಾಳಿಗೆ ಒಂದು ರಾತ್ರಿ ಪೈಪ್ ಬಾಗಿ ಕೊಟ್ಟಿಗೆಯ ಶೀಟಿನ ಮೇಲೆ ಮಲಗಿತು. ಪುಣ್ಯಕ್ಕೆ ಕೊಟ್ಟಿಗೆ ಖಾಲಿ ಇತ್ತು. ಈಗ ನೆನೆಸಿಕೊಂಡರೆ ಮೈ ಜುಮ್ ಅನ್ನುವುದು ಬೇರೆ ವಿಷಯಕ್ಕೆ. ಆ ಹುಡುಗ ಪೈಪಿಗೆ ಏಣಿ ಒರಗಿಸಿ ತುದಿ ಮುಟ್ಟಿದ ಮೇಲೆ ಸೊಂಟಕ್ಕೆ ಹಗ್ಗ ಬಿಗಿದುಕೊಂಡಿದ್ದ. ಹತ್ತುವಾಗಲೂ ಇಳಿಯುವಾಗಲೂ ಏನೂ ಇರಲಿಲ್ಲ. ನಾನು ಕೆಳಗೆ ಕಾಫಿ ಹಿಡಿದುಕೊಂಡು ನಿಂತಿದ್ದೆ.

ಈಗಿನ ಮೇಸ್ತ್ರಿ ಸಿಕ್ಕಿದ್ದು ಅರಸೀಕೆರೆಯ ಒಬ್ಬ ಹ್ಯಾಮ್ ಸ್ನೇಹಿತರ ಮೂಲಕ. ಅಪ್ಪನಿಗೆ ಅರವತ್ತರ ಹತ್ತಿರ, ಮಗನಿಗೆ ಇಪ್ಪತ್ತೈದು. ಸಣ್ಣ ವೆಲ್ಡಿಂಗ್ ಶಾಪ್ ಇದೆ. ಮೊಬೈಲ್ ಟವರಿಗೆ ಬಣ್ಣ ಬಳಿಯುವುದು, ಓವರ್‌ಹೆಡ್ ಟ್ಯಾಂಕಿನ ಏಣಿ ರಿಪೇರಿ, ಇಂಥ ಕೆಲಸ. ಬೋರ್ಡ್ ಕೂಡ ಇಲ್ಲ.

ಮೊದಲ ದಿನ ಮೇಸ್ತ್ರಿ ತಂದಿದ್ದು ಟೇಪ್ ಒಂದೇ. ನಾನು ಜಾಗ ಆಗಲೇ ಗೊತ್ತು ಮಾಡಿದ್ದೆ. ಮನೆ ಮುಂದೆ, ತುಳಸಿ ಕಟ್ಟೆಯ ಪಕ್ಕ, ರಸ್ತೆಯಲ್ಲಿ ಹೋಗುವವರಿಗೂ ಕಾಣಬೇಕು ಅಂತ ಒಳಗೊಳಗೆ ಆಸೆ. ಅವರು ಕಾಂಪೌಂಡಿನ ಆಚೆ ಹೋಗುವ 11 ಕೆವಿ ಕರೆಂಟ್ ಲೈನನ್ನು ಒಂದು ಸಲ ನೋಡಿದರು.

"ಅಮ್ಮಾ, ಇದು ಬಿದ್ರೆ ಎಲ್ಲಿಗೆ ಬೀಳತ್ತೆ?"

"ಬೀಳದ ಹಾಗೆ ಹಾಕ್ತೀರಲ್ವಾ ಮೇಸ್ತ್ರಿ?"

"ಹಾಕೋದು ಆಮೇಲೆ. ಮೊದ್ಲು ಇದು ಹೇಳಿ."

ಅಳೆದರೆ ಲೈನಿಗೆ 32 ಅಡಿ ಇತ್ತು. 40 ಅಡಿ ಟವರ್, ಮೇಲೆ 5 ಅಡಿ ಪೈಪ್, ಅದರಾಚೆ ಆಂಟೆನಾದ ಕೈ ಎರಡೂ ಕಡೆ 17 ಅಡಿ ಚಾಚಿಕೊಂಡಿರುತ್ತದೆ. ಒಟ್ಟು ಎತ್ತರದ ಒಂದೂವರೆ ಪಟ್ಟಾದರೂ ದೂರ ಇರಬೇಕು ಅಂದರು. ಅಂದರೆ 67 ಅಡಿ ಚಿಲ್ಲರೆ. ಹಿತ್ತಲಲ್ಲಿ ಬಾವಿಯ ಪಕ್ಕ 75 ಅಡಿ ಸಿಕ್ಕಿತು. ಅಲ್ಲಿಂದ ರಸ್ತೆಯೂ ಕಾಣುವುದಿಲ್ಲ, ರಸ್ತೆಗೆ ಟವರೂ ಕಾಣುವುದಿಲ್ಲ. ಪಾಯ ತೋಡುವುದನ್ನು ನೋಡಿ ನಮ್ಮ ಅತ್ತೆ, "ಗರುಡಗಂಬ ಆಯ್ತು, ದೇವಸ್ಥಾನ ಎಲ್ಲಿ ಕಟ್ತೀಯಾ?" ಅಂದರು.

ಪಾಯ ಮೂರಡಿ ಅಗಲ, ಮೂರಡಿ ಉದ್ದ, ನಾಲ್ಕಡಿ ಆಳ. ಟವರ್ ವಾಲದ ಹಾಗೆ ಎಳೆದು ಹಿಡಿಯುವ ಗೈ ತಂತಿ ಕಟ್ಟಲು ಬುಡದಿಂದ 28 ಅಡಿ ದೂರದಲ್ಲಿ, ಮೂರು ದಿಕ್ಕಿಗೆ, ಬೇರೆ ಮೂರು ಗುಂಡಿ. ಎರಡು ವಾರ ಗೋಣಿಚೀಲ ಹೊದಿಸಿ ನೀರು ಹಾಕಿದ್ದು ನಾನೇ. ಕಾಂಕ್ರೀಟಿಗೆ 28 ದಿನ ತುಂಬದೆ ಕಬ್ಬಿಣ ಎತ್ತುವುದಿಲ್ಲ ಅಂತ ಹಟ ಹಿಡಿದರು. ಸರಿ, ಅದು ಒಪ್ಪುವ ಮಾತು. ಆದರೆ 28 ದಿನ ಆದ ಮೇಲೂ ಎರಡು ವಾರ ಪತ್ತೆ ಇರಲಿಲ್ಲ. ಫೋನ್ ಮಾಡಿದರೆ "ನಾಳೆ ಅಮ್ಮಾ". ಇದು ಅವರ ದೊಡ್ಡ ದೋಷ, ಬುಕ್ ಮಾಡುವವರು ತಲೆಯಲ್ಲಿ ಇಟ್ಟುಕೊಂಡಿರಿ.

ಕಾಯುವಾಗ ಸುಮ್ನೆ ಕೂರಲಾಗದೆ ನಾನೇ ಒಂದು ಗೈ ತಂತಿಯ ತುದಿಯನ್ನು ಸಿದ್ಧ ಮಾಡಿದ್ದೆ. 6 ಎಂಎಂ ಜಿಐ ವೈರ್ ರೋಪ್, ಕುಣಿಕೆ ಸವೆಯದ ಹಾಗೆ ಒಳಗೆ ಇಡುವ ಲೋಹದ ಥಿಂಬಲ್ ಸುತ್ತ ತಿರುಗಿಸಿ ಮೂರು ಬುಲ್‌ಡಾಗ್ ಕ್ಲಾಂಪ್ ಬಿಗಿದಿದ್ದೆ. ಹೆಮ್ಮೆಯಿಂದ ತೋರಿಸಿದೆ. ಮೇಸ್ತ್ರಿ ಏನೂ ಮಾತಾಡದೆ 13ರ ಸ್ಪ್ಯಾನರ್ ತೆಗೆದು ಮೂರನ್ನೂ ಬಿಚ್ಚಿದರು. ತಂತಿಯನ್ನು ನನ್ನ ಕೈಗೆ ಕೊಟ್ಟು "ಉಗುರು ಆಡಿಸಿ ನೋಡಿ" ಅಂದರು. ಆಡಿಸಿದರೆ ಗುಳಿ ಸಿಕ್ಕಿತು. ಕ್ಲಾಂಪಿನ ಯು ಆಕಾರದ ಬೋಲ್ಟ್ ತಂತಿಯನ್ನು ಕಚ್ಚುತ್ತದೆ. ಹಾಗಾಗಿ ಅದು ಮಡಚಿ ಬಿಟ್ಟ ಚಿಕ್ಕ ತುದಿಯ ಮೇಲೆ ಬರಬೇಕು. ಭಾರ ಎಳೆಯುವ ತಂತಿಯ ಮೇಲೆ ಅಗಲವಾದ ತಡಿಯ ಭಾಗ ಕೂರಬೇಕು. ನಾನು ಮೂರನ್ನೂ ಉಲ್ಟಾ ಹಾಕಿದ್ದೆ. ಆ ಗುಳಿ ಬಿದ್ದ ಭಾಗವನ್ನೇ ಕತ್ತರಿಸಿ ಬಿಸಾಕಿ, ಹೊಸದಾಗಿ ಎರಡೆರಡು ಬೆರಳ ಅಂತರಕ್ಕೆ ಮೂರು ಕ್ಲಾಂಪ್ ಹಾಕಿದರು. 20 ವರ್ಷದಿಂದ ಮಕ್ಕಳಿಗೆ ಬಲ, ಒತ್ತಡ ಅಂತ ಪಾಠ ಮಾಡುತ್ತಿದ್ದೇನೆ. ಅವತ್ತು ಮಾತ್ರ ಬಾಯಿ ಮುಚ್ಚಿಕೊಂಡು ನಿಂತೆ.

ಎತ್ತುವ ಕೆಲಸ ಎರಡು ದಿನ ಅಂದಿದ್ದರು. ಹತ್ತು ಹತ್ತು ಅಡಿಯ ನಾಲ್ಕು ತುಂಡು. ನಿಂತಿರುವ ತುಂಡಿನ ಪಕ್ಕಕ್ಕೆ ಒಂದು ಪೈಪ್ ಕಟ್ಟಿ, ಅದರ ತುದಿಯ ಕಪ್ಪಿಯ ಮೇಲೆ ಹಗ್ಗ ಹಾಯಿಸಿ, ಮುಂದಿನ ತುಂಡನ್ನು ಎಳೆದು ಕೂರಿಸುವುದು. ಅದಕ್ಕೆ ಅವರು ಡೆರಿಕ್ ಅನ್ನುತ್ತಾರೆ. 20 ಅಡಿಗೆ ಗೈ ಕಟ್ಟಿ ಬಿಗಿಯುವವರೆಗೂ ಮೂರನೇ ತುಂಡನ್ನು ಮುಟ್ಟಲಿಲ್ಲ.

ಮಗ ಹತ್ತುವುದನ್ನು ನೋಡುವುದೇ ಒಂದು ಪಾಠ. ಮೈತುಂಬಾ ಹಾರ್ನೆಸ್, ಪಟ್ಟಿಯ ಮೇಲೆ ಐಎಸ್ 3521 ಅಂತ ಭಾರತೀಯ ಮಾನಕದ ಲೇಬಲ್. ಎದೆಯಿಂದ ತುದಿಗೆ ಹುಕ್ ಇರುವ ಎರಡು ಹಗ್ಗ, ಅಂದರೆ ಲ್ಯಾನ್‌ಯಾರ್ಡ್. ಒಂದು ಹುಕ್ ಮೇಲೆ ಸಿಕ್ಕಿಸಿದ ಮೇಲೇ ಕೆಳಗಿನದ್ದು ಬಿಚ್ಚುವುದು. ಟಕ್, ಎರಡು ಹೆಜ್ಜೆ, ಟಕ್. ಕಣ್ಣು ಮುಚ್ಚಿ ಕೂತರೂ ಎಲ್ಲಿದ್ದಾನೆ ಅಂತ ಗೊತ್ತಾಗುತ್ತಿತ್ತು. ಸ್ಪ್ಯಾನರಿಗೆ ದಾರ, ದಾರ ಮಣಿಕಟ್ಟಿಗೆ. ಆದರೂ ಒಂದು ನಟ್ ಜಾರಿ ಬಿದ್ದು ನಮ್ಮ ಪ್ಲಾಸ್ಟಿಕ್ ಬಕೆಟ್ ತೂತಾಯಿತು. ಬಕೆಟ್ ಇದ್ದದ್ದು ಟವರಿನಿಂದ ಹತ್ತಡಿ ದೂರ! ಹೆಲ್ಮೆಟ್ ಇಲ್ಲದವರು ಗೈ ತಂತಿಯ ಒಳಗೆ ಕಾಲಿಡಬಾರದು ಅಂತ ಮೇಸ್ತ್ರಿ ಹೇಳಿದಾಗ ನಮ್ಮ ಯಜಮಾನರು ನಕ್ಕಿದ್ದರು. ಆಮೇಲೆ ನಗಲಿಲ್ಲ.

ರೇಡಿಯೊದ ಪವರ್ ಕೇಬಲ್ಲನ್ನು ಮಾತ್ರ ನಾನೇ ಕಿತ್ತು ಹುಡುಗನ ಬ್ಯಾಗಿಗೆ ಹಾಕಿದೆ. 100 ವ್ಯಾಟ್ ಅಂದರೆ ಜಾಸ್ತಿ ಅನ್ನಿಸಲಿಕ್ಕಿಲ್ಲ. ಆದರೆ ಆಂಟೆನಾದ ತುದಿ ಮುಟ್ಟಿಕೊಂಡಿರುವಾಗ ಯಾರಾದರೂ ಮೈಕ್ ಒತ್ತಿದರೆ ಚರ್ಮ ಸುಡುತ್ತದೆ, ಬೆಚ್ಚಿ ಕೈಬಿಡುವ ಹಾಗೂ ಆಗುತ್ತದೆ. "ಅಕ್ಕ, ನೀವೂ ನಮ್ಮ ಥರಾನೇ" ಅಂದ. ಇಡೀ ಕೆಲಸದಲ್ಲಿ ನನಗೆ ಸಿಕ್ಕ ಒಂದೇ ಶಭಾಷ್.

ಎರಡನೇ ದಿನ ಮಧ್ಯಾಹ್ನ ಎರಡೂವರೆ. ಏಪ್ರಿಲ್ ತಿಂಗಳು. ಎರಡು ಎಲಿಮೆಂಟಿನ (ಅಡ್ಡ ಕೈಗಳ) ಯಾಗಿ ಆಂಟೆನಾ ಹಗ್ಗದಲ್ಲಿ ಅರ್ಧ ದಾರಿ ಹೋಗಿತ್ತು. ಪಡುವಣ ಕಡೆ ಮೋಡ. ಎಲ್ಲೋ ದೂರದಲ್ಲಿ ಒಂದು ಸಲ ಗುಡುಗಿತು, ನನಗೆ ಲಾರಿ ಸದ್ದು ಅನ್ನಿಸಿತು. ಮೇಸ್ತ್ರಿ ಕೈ ತೋರಿಸಿದರು. ಹುಡುಗ ಮಾತಿಲ್ಲದೆ ಇಳಿದ. ಆಂಟೆನಾವನ್ನು ಮೆಲ್ಲಗೆ ಕೆಳಗಿಳಿಸಿ, ಹಗ್ಗವನ್ನು ತೆಂಗಿನ ಮರಕ್ಕೆ ಸುತ್ತಿ, ಸಾಮಾನು ಕಟ್ಟಿಕೊಂಡು ಹೊರಟೇಬಿಟ್ಟರು. ಇನ್ನು ಅರ್ಧ ಗಂಟೆ ಇದ್ದರೆ ಮುಗಿಯುತ್ತಿತ್ತು. ಬೇಡಿಕೊಂಡೆ. ಊಹೂಂ.

ಅವತ್ತು ಒಂದು ಹನಿ ಮಳೆ ಬೀಳಲಿಲ್ಲ. ಸಂಜೆ ಆಕಾಶ ತೊಳೆದಿಟ್ಟ ಹಾಗಿತ್ತು. ಮರುದಿನದ ಅರ್ಧ ದಿನಕ್ಕೆ 3,000 ರೂಪಾಯಿ ಜಾಸ್ತಿ ಕೊಟ್ಟೆ, ಮುಖ ಗಂಟು ಹಾಕಿಕೊಂಡೇ ಕೊಟ್ಟೆ. ಆ ನಾಲ್ಕು ಸ್ಟಾರಿನಲ್ಲಿ ಎರಡು ಅವತ್ತಿನದ್ದು.

ಇನ್ನು ವರ್ಷಕ್ಕೊಮ್ಮೆಯ ಸರ್ವಿಸ್. ಮಾವಿನ ಮಳೆ ಶುರುವಾಗುವ ಮುಂಚೆ, ಫೆಬ್ರವರಿಯಲ್ಲಿ ಬರುತ್ತಾರೆ, 3,500 ರೂಪಾಯಿ. ಈ ವರ್ಷ ಬಂದವರು ಮೊದಲು ಬುಡದಲ್ಲೇ ಮುಕ್ಕಾಲು ಗಂಟೆ ಕಳೆದರು. ಕಾಲುಗಳ ಕೆಳಗೆ ನೀರು ಬಸಿಯುವ ತೂತು ಕಟ್ಟಿಕೊಂಡಿದೆಯಾ ಅಂತ ಕಡ್ಡಿ ಹಾಕಿ ನೋಡಿದರು. ನೀರು ಒಳಗೇ ನಿಂತರೆ ಪೈಪ್ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಬಣ್ಣ ಥಳಥಳ. ಸ್ಪ್ಯಾನರಿನಲ್ಲಿ ಮೂರೂ ಕಾಲನ್ನು ಬಡಿದು ಸದ್ದು ಕೇಳಿದರು. ಗೈಗಳನ್ನು ಒಂದೊಂದಾಗಿ ಅಲ್ಲಾಡಿಸಿದರು. ನನ್ನ ಹಕ್ಕಿ ನೋಡುವ ಬೈನಾಕ್ಯುಲರ್ ಇಸಿದುಕೊಂಡು ಮೇಲಕ್ಕೆ ನೋಡಿದರೆ ಮೂರನೇ ತುಂಡಿನಲ್ಲಿ ಕಡಜದ ಗೂಡು. ಹತ್ತಲಿಲ್ಲ. 27 ಅಡಿ ಮೇಲೆ ಕಡಜ ಮುತ್ತಿದರೆ ಹಾರ್ನೆಸ್ ಇದ್ದೂ ಏನು ಮಾಡುವುದು? ಗೂಡು ತೆಗೆಸಿದ ಮೇಲೆ, ಮೂರು ದಿನ ಬಿಟ್ಟು ಬಂದರು.

"ಇವರಿಗೆ ಹತ್ತೋದಕ್ಕಿಂತ ಹತ್ತದೇ ಇರೋದಕ್ಕೇ ಜಾಸ್ತಿ ದುಡ್ಡು ಕೊಡ್ತಿದೀವಿ" ಅಂದರು ಯಜಮಾನರು. ಲೆಕ್ಕ ಹಾಕಿದರೆ ಅದು ನಿಜವೇ.

ಮೇಲೆ ಹೋದಾಗ ಸಿಕ್ಕಿದ್ದು: ಆಂಟೆನಾದಿಂದ ರೇಡಿಯೊಗೆ ಬರುವ ಕೋಆಕ್ಸ್ ಕೇಬಲ್ಲಿನ ಕನೆಕ್ಟರಿಗೆ ಸುತ್ತಿದ ಟೇಪ್ ಬಿಟ್ಟುಕೊಂಡು ಒಳಗೆ ನೀರಿಳಿದಿತ್ತು. ಬಿಚ್ಚಿದರೆ ತಾಮ್ರ ಹಸಿರು. ಕಳಿಸಿದ ಶಕ್ತಿ ಎಷ್ಟು ವಾಪಸ್ ಬರುತ್ತಿದೆ ಅಂತ ತೋರಿಸುವ ಎಸ್‌ಡಬ್ಲ್ಯುಆರ್ 1.3 ಇದ್ದದ್ದು 2ರ ಮೇಲೆ ಹೋಗಿದ್ದಕ್ಕೆ ನಾನು ಸುಮ್ಮನೆ ರೇಡಿಯೊ ಬೈದುಕೊಂಡಿದ್ದೆ.

ಈಗ ಹೋದ ಒಂದು ಸ್ಟಾರ್. ಮೊದಲನೆಯದು, ಗೈ ತಂತಿಯನ್ನು ತಿರುಗಿಸಿ ಬಿಗಿ ಮಾಡುವ ಟರ್ನ್‌ಬಕಲ್. ಎರಡೂ ಕಡೆ ಹುಕ್ ಇರುವ ಅಗ್ಗದ್ದು ತಂದು ಹಾಕಿದರು. ಗಾಳಿಗೆ ಜಗ್ಗಿ ಜಗ್ಗಿ ಹುಕ್ ಬಾಯಿ ಬಿಡುತ್ತದೆ. ಮುಚ್ಚಿದ ಬಳೆ ಇರುವುದೇ ಬೇಕು ಅಂತ ಜಗಳ ಆಡಿ ಬದಲಾಯಿಸಿಕೊಂಡೆ. ಅದರ ನಡುವೆ ತಂತಿ ಹಾಯಿಸಿ ತಿರುಗದ ಹಾಗೆ ಕಟ್ಟಬೇಕು ಅನ್ನುವುದು ಅವರಿಗೆ ಗೊತ್ತಿತ್ತು, ಅದನ್ನು ಮಾಡಿದರು.

ಎರಡನೆಯದು ಅರ್ತಿಂಗ್. ಸಿಡಿಲಿನ ವಿಷಯದಲ್ಲಿ ಇವರನ್ನು ನಂಬಬೇಡಿ. ಇದ್ದಿಲು, ಉಪ್ಪು ಹಾಕಿ ಗುಂಡಿ ಚೆನ್ನಾಗಿಯೇ ಮಾಡಿದರು. ಆದರೆ ಟವರಿನಿಂದ ಗುಂಡಿಗೆ ಎಳೆದ ತಾಮ್ರದ ವೈರ್ ಮೂರು ಮೀಟರ್ ಮಿಕ್ಕಿತ್ತು. ಅದನ್ನು ಕತ್ತರಿಸದೆ, ಬಳೆಯ ಹಾಗೆ ನೀಟಾಗಿ ಸುತ್ತಿ ಕಟ್ಟಿಟ್ಟಿದ್ದರು. ನೋಡಲು ಚೆಂದ. ಸಿಡಿಲಿನ ಕರೆಂಟ್ ಮೈಕ್ರೊಸೆಕೆಂಡಿನಲ್ಲಿ ಏರುತ್ತದೆ. ಸುರುಳಿ ಅಷ್ಟು ವೇಗದ ಕರೆಂಟನ್ನು ತಡೆಯುತ್ತದೆ. ತಡೆದರೆ ಅದು ಬೇರೆ ದಾರಿ ಹುಡುಕುತ್ತದೆ, ಹತ್ತಿರದ ದಾರಿ ನನ್ನ ಕೋಆಕ್ಸ್. ನಾನೇ ಕತ್ತರಿಸಿ ನೇರ ಮಾಡಿದೆ. ಮನೆಯ ಅರ್ತಿಂಗಿಗೂ ಟವರಿನ ಅರ್ತಿಂಗಿಗೂ ಸಂಬಂಧವೇ ಕೊಟ್ಟಿರಲಿಲ್ಲ. ಎರಡೂ ಬೇರೆ ಬೇರೆ ಇದ್ದರೆ ಸಿಡಿಲು ಬಿದ್ದಾಗ ಅವುಗಳ ನಡುವಿನ ವೋಲ್ಟೇಜ್ ವ್ಯತ್ಯಾಸದಿಂದ ಕರೆಂಟ್ ರೇಡಿಯೊ ಒಳಗಿನಿಂದ ಹರಿಯುತ್ತದೆ. ನಮ್ಮ ಎಲೆಕ್ಟ್ರಿಷಿಯನ್ ಕರೆಸಿ ಇನ್ನೆರಡು ರಾಡ್ ಹೊಡೆಸಿ, ಎಲ್ಲ ಸೇರಿಸಿ, ಕೇಬಲ್ ಮನೆಯೊಳಗೆ ಬರುವ ಜಾಗದಲ್ಲಿ ಸಿಡಿಲಿನ ಕರೆಂಟನ್ನು ನೆಲಕ್ಕೆ ತಿರುಗಿಸುವ ಅರೆಸ್ಟರ್ ಹಾಕಿಸಿದೆ. ಇಷ್ಟಾದರೂ ಮೋಡ ಕಂಡರೆ ಕೇಬಲ್ ಕಿತ್ತು ಹೊರಗೆ ಇಡುವುದೇ ನನ್ನ ಪದ್ಧತಿ.

ಖರ್ಚು ಕೇಳುವವರಿಗೆ: ಟವರ್ ಮತ್ತು ಗ್ಯಾಲ್ವನೈಸಿಂಗ್ 52,000, ಪಾಯಗಳು 16,000, ಎತ್ತುವ ಕೂಲಿ ಆ ಅರ್ಧ ದಿನ ಸೇರಿ 15,000. ಆಂಟೆನಾ ನನ್ನದೇ. ಗಾಳಿಯ ಲೆಕ್ಕವನ್ನು ಅವರಿಂದ ನಿರೀಕ್ಷಿಸಬೇಡಿ, ನೀವೇ ಹಾಕಿಕೊಂಡು ಹೋಗಿ. ಕಟ್ಟಡಗಳ ಭಾರ, ಗಾಳಿಯ ಲೆಕ್ಕದ ಭಾರತೀಯ ಮಾನಕ ಐಎಸ್ 875ರಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್ ಗಾಳಿ ಅಂತಿದೆ, ಮಂಗಳೂರಿಗೆ 39. ವ್ಯತ್ಯಾಸ ಸಣ್ಣದು ಅನ್ನಿಸಬಹುದು. ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅಲ್ಲಿ ಹೆಚ್ಚುಕಮ್ಮಿ 40 ಪರ್ಸೆಂಟ್ ಜಾಸ್ತಿ. ಕರಾವಳಿಯವರು ನನ್ನ ಟವರಿನ ಅಳತೆಯನ್ನು ನೋಡಿ ಹಾಗೇ ಮಾಡಿಸಬೇಡಿ.

ಬುಕ್ ಮಾಡುವುದಾದರೆ ಶಿವರಾತ್ರಿಗೆ ಮುಂಚೆ ಹೇಳಿಡಿ. "ನಾಳೆ" ಅಂದರೆ ಮುಂದಿನ ವಾರ ಅಂತ ಓದಿಕೊಳ್ಳಿ. ಇನ್ನೊಂದು ವಿಷಯ. ಆ ಕತ್ತರಿಸಿದ ಮೂರು ಮೀಟರ್ ತಾಮ್ರ ನನ್ನ ಹತ್ತಿರವೇ ಇದೆ. ಸರ್ವಿಸಿಗೆ ಬಂದಾಗ ಮೇಸ್ತ್ರಿ ಅದನ್ನು ನೋಡಿ, "ಅದು ಬಿಲ್ಲಲ್ಲಿ ಹಾಕಿಲ್ಲ ಅಮ್ಮಾ" ಅಂದರು. ಕೊಡಲಿಲ್ಲ. ಬಕೆಟ್ ಬಾಕಿ ಇದೆಯಲ್ಲ.