ಗಡ್ಡೆ ತನ್ನಿ, ಕಿಟ್ ಬೇಡ

ಜನವರಿಯಲ್ಲಿ ಶಿರಸಿ ಪೇಟೆ ಹೊರಗಿನ ಒಂದು ನರ್ಸರಿಯಿಂದ ‘ವಾಟರ್ ಗಾರ್ಡನ್ ಕಿಟ್’ ತಂದೆ. 1,450 ರೂಪಾಯಿ. 60 ಲೀಟರಿನ ಕಪ್ಪು ಟಬ್, ಒಂದು ನೈದಿಲೆ ಗಡ್ಡೆ, ಒಂದು ಚೀಲ ಮಣ್ಣು, ನಾಲ್ಕು ಗೊಬ್ಬರದ ಗುಳಿಗೆ, ಒಂದು ಮುಷ್ಟಿ ಅಂತರಗಂಗೆ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಆರು ಗಪ್ಪಿ ಮೀನು. ನರ್ಸರಿ ಹೆಸರು ಬೇಡ ಬಿಡಿ, ಗಿಡದ ಮಟ್ಟಿಗೆ ಅವರು ಒಳ್ಳೆಯವರೇ. ಚೀಟಿಯಲ್ಲಿ ಮಾತ್ರ ‘ಕಮಲ’ ಎಂದು ಬರೆದಿದ್ದರು. ಎಲೆಗೆ ತೊಟ್ಟಿನ ತನಕ ಸೀಳಿದ್ದರೆ ಅದು ನೈದಿಲೆ. ತಾವರೆ ಎಲೆ ಸೀಳಿಲ್ಲದ ದುಂಡು ತಟ್ಟೆ.

ದೊಡ್ಡ ತಕರಾರು ಆ ಮಣ್ಣಿನ ಚೀಲದ್ದು. ಬಿಚ್ಚಿದರೆ ಒಳಗಿದ್ದದ್ದು ಮಣ್ಣಲ್ಲ, ಕೋಕೋಪೀಟ್! ಹೇಳಿದ ಹಾಗೆಯೇ ಗಡ್ಡೆ ನೆಟ್ಟು ನೀರು ಹೊಯ್ದೆ, ಟಬ್ಬಿಗೆ ಟಬ್ಬೇ ಚಹಾ ಬಣ್ಣಕ್ಕೆ ತಿರುಗಿತು, ನಾರಿನ ಪುಡಿ ಎಲ್ಲ ಮೇಲೆ ತೇಲಿ ಅದರ ಜೊತೆ ಗಡ್ಡೆಯೂ ಎದ್ದು ಬಂತು. ಫೋನ್ ಮಾಡಿದರೆ “ಎರಡು ದಿನ ಬಿಡಿ ಮೇಡಂ, ಕೂತ್ಕೊಳ್ತದೆ” ಎಂದರು. ವಾರವಾದರೂ ಕೂರಲಿಲ್ಲ. ಆಯಿ ಬಂದು ನೋಡಿ ನಕ್ಕಳು. “ಗದ್ದೆ ಮಣ್ಣು ಹಾಕು ಕೂಸೆ, ಕೆರೆ ಹೂವಿಗೆ ನಾರಿನ ಪುಡಿ ಯಾರು ತಂದು ಹಾಕ್ತಾರೆ?”

ಸರಿ, ಎಲ್ಲ ಚೆಲ್ಲಿ ಮತ್ತೆ ಶುರು. ಹಳೆಯ ಬೇಸಿನ್ನಿಗೆ ಗದ್ದೆಯ ಅಂಟು ಮಣ್ಣು ಒತ್ತಿ ತುಂಬಿದೆ. ಗಡ್ಡೆಯನ್ನು ಓರೆಯಾಗಿ ಮಲಗಿಸಿ, ಚಿಗುರು ಮಾತ್ರ ಮಣ್ಣಿನ ಮೇಲೆ ಕಾಣುವ ಹಾಗೆ ಬಿಟ್ಟೆ, ಅದು ಹೂತು ಹೋದರೆ ಕೊಳೆಯುತ್ತದೆ. ಮೇಲೆ ಒಂದು ಬೆರಳು ದಪ್ಪ ದೊರಗು ಮರಳು. ಬೇಸಿನ್ನನ್ನು ಟಬ್ಬಿನೊಳಗೆ ಇಟ್ಟು, ಮರಳಿನ ಮೇಲೆ ಬಾಳೆ ಎಲೆ ತುಂಡು ಹಾಸಿ ಅದರ ಮೇಲೆ ನಿಧಾನ ನೀರು ಹೊಯ್ದೆ. ಒಂದು ಚೂರೂ ಕದಡಲಿಲ್ಲ.

‘ಅರ್ಧ ನೆರಳು ಸಾಕು’ ಎಂದಿದ್ದರು. ಅಡಿಕೆ ಚಪ್ಪರದ ಪಕ್ಕ ಇಟ್ಟು ಒಂದು ತಿಂಗಳು ಕಾದೆ, ಸುಮ್ನೆ ಎಲೆ. ನೈದಿಲೆಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕೇ ಬೇಕು. ಆದರೆ ತುಂಬಿದ ಟಬ್ ಎತ್ತುವುದು ಸುಲಭವಾ, ನೀರೇ 60 ಕೆಜಿ ಆಗುತ್ತದೆ! ಅರ್ಧ ನೀರು ತೆಗೆದು ಇಬ್ಬರು ಸೇರಿ ಅಂಗಳದ ನಡುವಿಗೆ ಎಳೆದೆವು. ಮೊದಲೇ ಬಿಸಿಲು ನೋಡಿಕೊಂಡು ಇಡಿ.

ಗುಳಿಗೆ ನಾಲ್ಕನ್ನೂ ಒಟ್ಟಿಗೆ ಹಾಕಲು ಹೇಳಿದ್ದರು, ಹಾಕಿದೆ. ಎರಡೇ ವಾರದಲ್ಲಿ ನೀರು ಒಂದೆಲಗದ ತಂಬುಳಿ. ಮಣ್ಣಿನೊಳಗೆ ಆಳಕ್ಕೆ ಒತ್ತಿ ತಿಂಗಳಿಗೊಂದು ಹಾಕಿದ್ದರೆ ಇಷ್ಟು ಪಾಚಿ ಬರುತ್ತಿರಲಿಲ್ಲ. ನೀರು ಬದಲಿಸುವ ಗೋಜಿಗೆ ಹೋಗಲಿಲ್ಲ. ಎಲೆಗಳು ಅರ್ಧ ಟಬ್ ಮುಚ್ಚಿದ ಮೇಲೆ ತಾನಾಗಿ ತಿಳಿಯಾಯಿತು.

ಮೀನಿನ ಬಗ್ಗೆ ಒಳ್ಳೆಯ ಮಾತೇ. ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟು ಆಮೇಲೆ ಬಿಟ್ಟೆ, ಒಂದೂ ಸಾಯಲಿಲ್ಲ, ಏಪ್ರಿಲ್ ಹೊತ್ತಿಗೆ ಎಣಿಸಲಾಗದಷ್ಟು ಆದವು. ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಎಂಟು ಹತ್ತು ದಿನ ಸಾಕು, ಹಾಗಾಗಿ ಮೀನಿಲ್ಲದೆ ಟಬ್ ಇಡಲೇಬೇಡಿ. ಅಂತರಗಂಗೆ ಮಾತ್ರ ದುಡ್ಡು ಕೊಟ್ಟು ತರುವ ವಸ್ತು ಅಲ್ಲ. ವಾರವಾರ ಕಿತ್ತು ಗೊಬ್ಬರದ ಗುಂಡಿಗೆ ಹಾಕುತ್ತಿದ್ದೇನೆ, ಹಳ್ಳಕ್ಕೆ ಎಸೆದರೆ ಅಲ್ಲೂ ಹಬ್ಬುತ್ತದೆ.

ಮೊದಲ ಮೊಗ್ಗನ್ನು ಮಂಗ ಮುರಿಯಿತು, ಅದು ನರ್ಸರಿಯ ತಪ್ಪಲ್ಲ! ಎರಡನೆಯದು ಮಾರ್ಚ್ ಕೊನೆಗೆ ಅರಳಿತು, ಬೆಳಿಗ್ಗೆ ಒಂಬತ್ತಕ್ಕೆ ಬಿಚ್ಚಿ ಮೂರಕ್ಕೆ ಮುಚ್ಚುವ ತಿಳಿ ಗುಲಾಬಿ. ನಾಲ್ಕು ದಿನ ಇದ್ದು ನೀರಿಗೆ ಮುಳುಗಿತು. ಅದೇ ಕಿಟ್ ಒಯ್ದ ಅಕ್ಕನಿಗೆ ಕಾರವಾರದಲ್ಲಿ ಬೇರೆ ಕತೆ. ಏಪ್ರಿಲಿನಲ್ಲಿ ಅವಳ ಮನೆ ಬಾವಿ ನೀರು ಉಪ್ಪಾಗುತ್ತದೆ, ಮೀನು ಆರಾಮಾಗಿದ್ದವು, ಎಲೆಯ ಅಂಚು ಮಾತ್ರ ಸುಟ್ಟ ಹಾಗೆ ಕಂದಿತು. ಕರಾವಳಿಯವರು ನೀರು ಬಾಯಿಗೆ ಹಾಕಿ ನೋಡಿಯೇ ಹೊಯ್ಯಿರಿ.

ಟಬ್ಬಿಗೆ ತೂತಿಲ್ಲ. ಜೂನ್ ಮಳೆಗೆ ತುಂಬಿ ಹರಿದು ಗಪ್ಪಿಗಳು ಅಂಗಳದಲ್ಲಿ ಒದ್ದಾಡುತ್ತಿದ್ದವು. ಅಂಚಿಗಿಂತ ಒಂದು ಇಂಚು ಕೆಳಗೆ ಕಾದ ಕಬ್ಬಿಣದಿಂದ ತೂತು ಮಾಡಿ ಸೊಳ್ಳೆ ಜಾಲರಿ ಅಂಟಿಸಿದೆ. ಇಷ್ಟನ್ನು ಮಾರುವವರೇ ಮಾಡಿ ಕೊಡಬಹುದಿತ್ತು ಅಲ್ವಾ?

ಬರೀ ಗಡ್ಡೆ ಅಲ್ಲಿ 250 ರೂಪಾಯಿಗೆ ಸಿಗುತ್ತದೆ. ಟಬ್ ಪೇಟೆಯಲ್ಲೇ ಕಡಿಮೆಗೆ ಉಂಟು, ಕೊಟ್ಟಿಗೆಯಲ್ಲಿ ಹಳೆಯ ಕಲ್ಲು ಮರಿಗೆ ಇದ್ದರೆ ಅದೂ ಬೇಡ. ಮೊನ್ನೆ ಬಿಳಿ ನೈದಿಲೆ ತರಲು ಹೋದಾಗ “ಕಿಟ್ ಕೊಡಲಾ ಮೇಡಂ” ಎಂದರು. ಗಡ್ಡೆ ಮಾತ್ರ ಸಾಕು ಎಂದೆ. ಅವರು ಅದನ್ನು ತಮ್ಮ ತೊಟ್ಟಿಯಿಂದ ಕಿತ್ತು ಕೊಟ್ಟರು, ಬೇರಿಗೆ ಮೆತ್ತಿಕೊಂಡು ಬಂದದ್ದು ಅಪ್ಪಟ ಗದ್ದೆ ಮಣ್ಣು.