ಜೀಪಿನ ವಾಟರ್ ಪಂಪು: ಕಿಟ್ಟಾ, ಲೋಕಲ್ಲಾ, ಒರಿಜಿನಲ್ಲಾ?

ನಮ್ಮ ಕಾಸರಗೋಡಿನ ಮುಳ್ಳೇರಿಯ, ಬದಿಯಡ್ಕ ಕಡೆ ಈಗ್ಲೂ ಹಳೇ ಡೀಸೆಲ್ ಜೀಪು ಸುಮಾರುಂಟು, ಅಡಿಕೆ ಗೋಣಿ, ಗೊಬ್ಬರ ತುಂಬಿಸಿ ತೋಟದ ಏರು ಹತ್ತಿಸ್ಲಿಕ್ಕೆ ಅದೇ ಆಗ್ಬೇಕು. ಅದ್ರ ವಾಟರ್ ಪಂಪು, ಅಂದ್ರೆ ಇಂಜಿನ್ ತಂಪು ಮಾಡುವ ನೀರನ್ನು ತಿರುಗಿಸುವ ಪಂಪು, ಹೋದ್ರೆ ಏನು ಹಾಕುದು ಅಂತ ತುಂಬಾ ಜನ ಕೇಳ್ತಾರೆ. ನಮ್ಮ ಜೀಪಿಗೂ ಭಾವನ ಜೀಪಿಗೂ ಸೇರಿ ಮೂರು ನಮೂನೆಯದ್ದೂ ಹಾಕಿ ಓಡ್ಸಿ ಆಗಿದೆ, ಹಾಗಾಗಿ ಬರೀತಿದ್ದೇನೆ.

ಮೊದ್ಲು ರಿಪೇರಿ ಕಿಟ್. ಹಳೇ ಬಾಡಿ ಇಟ್ಕೊಂಡು ಶಾಫ್ಟು, ಬೇರಿಂಗು, ಸೀಲು ಮಾತ್ರ ಹೊಸತು, ಖರ್ಚು ಎಲ್ಲದಕ್ಕಿಂತ ಕಡಿಮೆ. ಆದ್ರೆ ಇದ್ರಲ್ಲಿ ಕಿಟ್ಟಿಗಿಂತ ಅದನ್ನು ಕೂರಿಸುವವರ ಕೈ ಮುಖ್ಯ. ಭಾವನ ಜೀಪಿದ್ದು ಒಂದು ಕಡೆ ಸುತ್ತಿಗೆಯಲ್ಲಿ ಬಡಿದು ಕೂರಿಸಿದ್ರು, ಬೇರಿಂಗಿಗೆ ಪೆಟ್ಟು ಬಿದ್ದು ಸ್ವಲ್ಪ ಸಮಯದಲ್ಲೇ ಗೊಯ್ಯ್ ಅಂತ ಸೌಂಡು ಶುರು, ಮಳೆಗಾಲ ಮುಗಿಯುವ ಮೊದ್ಲೇ ಲೀಕು. ನಮ್ಮದ್ದು ಲೇತಿನವರು ಪ್ರೆಸ್ಸಲ್ಲಿ ನಿಧಾನ ಒತ್ತಿ ಕೂರಿಸಿದ್ದು, ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಒತ್ತುವಾಗ ಬಾಡಿಗೂ ಅದಕ್ಕೂ ಎಷ್ಟು ಗ್ಯಾಪು ಅಂತ ಮತ್ತೆ ಮತ್ತೆ ನೋಡಿದ್ರು. ಗ್ಯಾಪು ಕಡಿಮೆ ಆದ್ರೆ ಉಜ್ಜುತ್ತದೆ, ಜಾಸ್ತಿ ಆದ್ರೆ ನೀರು ಸರಿ ತಳ್ಳುದಿಲ್ಲ, ಲೋಡ್ ಹಾಕಿ ಏರು ಹತ್ತುವಾಗ ಹೀಟ್ ಆಗ್ತದೆ. ಅದು ಚೆನ್ನಾಗಿ ಬಾಳಿಕೆ ಬಂತು.

ಲೋಕಲ್ ಅಸೆಂಬ್ಲಿ, ಅಂದ್ರೆ ಜೋಡಿಸಿಯೇ ಸಿಗುವ ಪೂರ್ತಿ ಪಂಪು, ತಂದು ಬೋಲ್ಟ್ ಹಾಕಿದ್ರೆ ಆಯ್ತು, ಪ್ರೆಸ್ಸಿನ ತಾಪತ್ರಯ ಇಲ್ಲ. ಆದ್ರೆ ನಮಗೆ ಸಿಕ್ಕಿದ್ರಲ್ಲಿ ಇಂಪೆಲ್ಲರ್ ತಗಡಿದ್ದು, ಗ್ಯಾಸ್ಕೆಟ್ ಕೂರುವ ಮೈ ಸಪಾಟಾಗಿ ಇರ್ಲಿಲ್ಲ, ಗಾಜಿನ ಮೇಲೆ ಎಮ್ರಿ ಪೇಪರ್ ಇಟ್ಟು ಉಜ್ಜಿ ಸರಿ ಮಾಡ್ಬೇಕಾಯ್ತು. ಅಂಗಡಿಯಲ್ಲೇ ಪುಲ್ಲಿ ತಿರುಗಿಸಿ ನೋಡಿ, ಕರಕರ ಅಂದ್ರೆ ಬೇಡ ಅನ್ನಿ. ಅರ್ಜೆಂಟಿಗೆ ಓಕೆ ಅಷ್ಟೆ.

ಒರಿಜಿನಲ್ ರೇಟು ಜಾಸ್ತಿ, ಕಾಸರಗೋಡಲ್ಲಿ ಯಾವಾಗ್ಲೂ ಸಿಗುದಿಲ್ಲ, ಮಂಗ್ಳೂರಿಂದ ತರಿಸ್ಬೇಕು. ಆದ್ರೂ ದಿನಾ ಲೋಡ್ ಎಳೆಯುವ ಗಾಡಿಗೆ ನಾನು ಅದನ್ನೇ ಹೇಳುದು, ಯಾಕಂದ್ರೆ ಈ ಜೀಪಲ್ಲಿ ಫ್ಯಾನು ಕೂರುದೇ ಪಂಪಿನ ಶಾಫ್ಟಿನ ಮೇಲೆ, ಫ್ಯಾನಿನ ಭಾರ, ಬೆಲ್ಟಿನ ಎಳೆತ ಎರಡನ್ನೂ ಅದೇ ಬೇರಿಂಗ್ ಹೊರ್ಬೇಕು, ಅಲ್ಲಿ ಕಳಪೆ ಸಾಮಾನು ನಿಲ್ಲುದಿಲ್ಲ.

ಯಾವುದೇ ಹಾಕಿ, ಬಾವಿ ನೀರು ತುಂಬಿಸ್ಬೇಡಿ. ಒಳಗೆ ತುಕ್ಕು ಎದ್ದು ಅದ್ರ ಪುಡಿ ಸೀಲಿನ ಮೈಯನ್ನು ಗೀರುತ್ತದೆ, ಹೊಸ ಪಂಪು ಹಾಕಿಯೂ ಲೀಕ್ ಬರುದು ಹೆಚ್ಚಾಗಿ ಹೀಗೇ. ಕೂಲಂಟೂ ಡಿಸ್ಟಿಲ್ಡ್ ವಾಟರೂ ಅರ್ಧರ್ಧ ಹಾಕಿದ್ರೆ ತುಕ್ಕೂ ಕಡಿಮೆ, ಕುದಿಯುದೂ 100 ಡಿಗ್ರಿಗಲ್ಲ, ಸುಮಾರು 107ಕ್ಕೆ. ಬೆಲ್ಟು ತಂತಿ ಹಾಗೆ ಬಿಗಿ ಮಾಡಿದ್ರೂ ಬೇರಿಂಗ್ ಬೇಗ ಹೋಗ್ತದೆ.

ಇನ್ನೊಂದು, ಪಂಪಿನ ಅಡಿಯಲ್ಲಿ ಸಣ್ಣ ತೂತುಂಟಲ್ಲ, ಅಲ್ಲಿಂದ ನೀರು ತೊಟ್ಟಿಕ್ಕಿದ್ರೆ ಕೆಲವ್ರು ಎಂ-ಸೀಲ್ ಮೆತ್ತುತ್ತಾರೆ. ದಯವಿಟ್ಟು ಬೇಡ. ಸೀಲು ಹೋದಾಗ ನೀರು ಬೇರಿಂಗಿಗೆ ಇಳಿಯದೆ ಹೊರಗೆ ಬೀಳ್ಲಿ ಅಂತಲೇ ಆ ತೂತು ಇಟ್ಟದ್ದು, ಮುಚ್ಚಿದ್ರೆ ಬೇರಿಂಗ್ ಮುರಿದು ಫ್ಯಾನು ಹೋಗಿ ರೇಡಿಯೇಟರಿಗೆ ಬಡೀತದೆ, ಆಮೇಲೆ ರೇಡಿಯೇಟರೂ ಹೊಸತೇ ಬೇಕು.